ಪುಟ್ಟ ಇಂಜಿನ್ನಿಗೆ ದನಿ ಕೂರಿಸುವ ಕೆಲಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಾದರಿ ರೈಲಿನ ಈ ಅಂಕಣಕ್ಕೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಉತ್ತರ ಕನ್ನಡದವು. ಎಲ್ಲವೂ ಇಂಜಿನ್ನಿನೊಳಗೆ ಸ್ಪೀಕರ್ ಕೂರಿಸಿ ಅದರಿಂದ ನಿಜದ ದನಿ ಹೊರಡಿಸುವುದು ಹೇಗೆ ಎಂಬುದನ್ನೇ ಕೇಳಿವೆ. ಆದ್ದರಿಂದ ಈ ಸಂಚಿಕೆಯ ಪುಟಗಳನ್ನು ಆ ಒಂದು ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಚಿಕ್ಕದಾಗಿಸಿದ್ದೇನೆ, ಹೆಸರುಗಳನ್ನು ಕೈಬಿಟ್ಟು ಊರನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಎಚ್‌ಓ ಅಳತೆಯ (ನಿಜದ 87ನೆಯ ಒಂದು ಭಾಗ) ಡೀಸೆಲ್ ಇಂಜಿನ್ನಿಗೆ ಒಳ್ಳೆಯ ಸೌಂಡ್ ಡಿಕೋಡರನ್ನೇ, ಎಂದರೆ ದನಿ ನುಡಿಸುವ ಪುಟ್ಟ ಹಲಗೆಯನ್ನೇ, ಹಾಕಿದ್ದೇನೆ. ಹಾರ್ನ್ ಚೆನ್ನಾಗಿ ಕೇಳುತ್ತದೆ. ಆದರೆ ಇಂಜಿನ್ನಿನ ಗುಡುಗು ಇಲ್ಲ. ತಗಡಿನ ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡಂತೆ ಕೇಳುತ್ತದೆ. ಇನ್ನೂ ದೊಡ್ಡ ಸ್ಪೀಕರ್ ತಂದು ಹಾಕಿದರೂ ಅದೇ ಕಥೆ. ಡಿಕೋಡರ್ ಕೆಟ್ಟಿದೆಯೇ?
— ನಿವೃತ್ತ ಶಿಕ್ಷಕರು, ಕಾರವಾರ

ಉತ್ತರ: ಹಾರ್ನ್ ಸ್ಪಷ್ಟವಾಗಿ ಕೇಳುತ್ತದೆಯೆಂದು ತಾವೇ ಬರೆದಿರುವುದರಿಂದ ಡಿಕೋಡರ್ ಕೆಟ್ಟಿರುವ ಸಂಭವ ತೀರ ಕಡಿಮೆ. ತಮ್ಮ ಸ್ಪೀಕರಿಗೆ ಗೂಡು, ಎಂದರೆ ಬೆನ್ನನ್ನು ಮುಚ್ಚುವ ಪುಟ್ಟ ಪೆಟ್ಟಿಗೆ, ಇಲ್ಲ, ಅಥವಾ ಇರುವ ಗೂಡಿನಲ್ಲಿ ಎಲ್ಲೋ ಒಂದು ಸಂದಿ ಉಳಿದಿದೆ ಎಂಬುದು ನನ್ನ ಅನುಮಾನ.

ಸ್ಪೀಕರಿನ ಪೊರೆ ಮುಂದಕ್ಕೆ ಸರಿದಾಗ ಅದರ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ. ಅದೇ ಗಳಿಗೆಯಲ್ಲಿ ಬೆನ್ನ ಹಿಂದಿನ ಗಾಳಿ ಸಡಿಲಾಗುತ್ತದೆ. ಎರಡರ ನಡುವೆ ಗೋಡೆಯಿಲ್ಲದಿದ್ದರೆ ಮುಂದಿನ ಒತ್ತಡ ಅಂಚನ್ನು ಸುತ್ತಿ ಹಿಂದಕ್ಕೆ ಹರಿದು, ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಸೆಕೆಂಡಿಗೆ 100 ಸಲ ಕಂಪಿಸುವ ತಗ್ಗಿನ ಸ್ವರದ ಅಲೆಯ ಉದ್ದ ಗಾಳಿಯಲ್ಲಿ ಸುಮಾರು 3.4 ಮೀಟರ್, ನಿಮ್ಮ ಸ್ಪೀಕರಿನ ಅಗಲವಾದರೋ ಒಂದೂವರೆ ಅಥವಾ ಎರಡು ಸೆಂಟಿಮೀಟರ್. ಅಷ್ಟು ಉದ್ದದ ಅಲೆಗೆ ಇಷ್ಟು ಪುಟ್ಟ ಸ್ಪೀಕರನ್ನು ಸುತ್ತಿ ಬರುವುದು ಏನೇನೂ ಅಲ್ಲ. ಹಾರ್ನಿನ ಮೇಲಿನ ಸ್ವರಗಳಿಗೆ ಈ ನಷ್ಟ ಕಡಿಮೆಯಾದ್ದರಿಂದ ಅವು ಉಳಿದವು. ಇಂಜಿನ್ನಿನ ತಗ್ಗಿನ ಸ್ವರಗಳು ಹುಟ್ಟಿದಲ್ಲೇ ಸತ್ತವು. ಸ್ಪೀಕರ್ ದೊಡ್ಡದಾದರೂ ಗೂಡು ಇಲ್ಲದಿದ್ದರೆ ಫಲ ಅಷ್ಟೇ.

ಇದನ್ನು ತಾವೇ ಐದು ನಿಮಿಷದಲ್ಲಿ ಪರೀಕ್ಷಿಸಬಹುದು. ಮನೆಯಲ್ಲಿ ಹಳೆಯ ಲಗ್ನಪತ್ರಿಕೆ ಇದ್ದೇ ಇರುತ್ತದೆ. ಅದರ ದಪ್ಪ ಕಾಗದದ ನಡುವೆ ಸ್ಪೀಕರಿನ ಪೊರೆಯಷ್ಟೇ ಅಗಲದ ತೂತು ಕೊರೆಯಿರಿ. ಇಂಜಿನ್ನಿನ ಮೇಲ್ಮೈಯನ್ನು ಬಿಚ್ಚಿ, ತಂತಿಗೆ ಅಂಟಿಕೊಂಡಿರುವ ಸ್ಪೀಕರನ್ನು ಎರಡು ಬೆರಳಿನಲ್ಲಿ ಅಂಚು ಹಿಡಿದು ಬರಿಗಾಳಿಯಲ್ಲಿ ಕೇಳಿರಿ. ಆಮೇಲೆ ಅದನ್ನು ನಿಧಾನವಾಗಿ ತಂದು ಆ ತೂತಿಗೆ ಒತ್ತಿಹಿಡಿಯಿರಿ. ಅಂಚು ಸರಿಯಾಗಿ ಕೂತ ಕ್ಷಣದಲ್ಲಿ, ವಾಲ್ಯೂಮನ್ನು ಒಂದಿಷ್ಟೂ ಏರಿಸದೆ, ದನಿ ತುಂಬಿಕೊಂಡು ಬರುತ್ತದೆ. ಕಾಗದ ಹಿಡಿದ ಕೈಗೂ ಅದರ ನಡುಕ ತಿಳಿಯುತ್ತದೆ. ಬೆರಳು ಸಡಿಲಿಸಿ ಕೂದಲೆಳೆಯಷ್ಟು ಸಂದಿ ಬಿಟ್ಟರೆ ದುಂಬಿ ಮರಳಿ ಬಂದು ಕೂರುತ್ತದೆ. ಈ ಪರೀಕ್ಷೆಯನ್ನು ಒಮ್ಮೆ ಮಾಡಿದವರು ಮತ್ತೆಂದೂ ಗೂಡಿಲ್ಲದೆ ಸ್ಪೀಕರ್ ಕೂರಿಸುವುದಿಲ್ಲ. ನಮ್ಮ ಕಡೆ ಮದ್ದಳೆ ಮಾಡುವವರಿಗೆ ಈ ಮಾತು ವಿಸ್ತರಿಸಿ ಹೇಳಬೇಕಾಗಿಲ್ಲ. ಬರೀ ಚರ್ಮವನ್ನು ಬಡಿದರೆ ಫಟ್ ಎನ್ನುತ್ತದೆ, ಹಲಸಿನ ಗೂಡಿಗೆ ಬಿಗಿದಾಗಲೇ ಅದಕ್ಕೆ ನಾದ ಬರುತ್ತದೆ.

ಗೂಡನ್ನು ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯಿಂದ ಕೈಯಲ್ಲೇ ಮಾಡಬಹುದು. ಮೊಬೈಲ್ ಫೋನಿಗಾಗಿ ಹುಟ್ಟಿ ಈಗ ಮಾದರಿ ರೈಲಿನವರು ಸಕ್ಕರೆ ತುಂಡು ಎಂದೇ ಕರೆಯುವ 15 ಮಿ.ಮೀ. ಉದ್ದ, 11 ಮಿ.ಮೀ. ಅಗಲದ ಸ್ಪೀಕರಿಗೆ ನಾಲ್ಕು ಗೋಡೆ, ಒಂದು ಬೆನ್ನಹಲಗೆ ಸಾಕು. ಗೂಡಿನ ಆಳ ಎಷ್ಟು ಹೆಚ್ಚಿದರೆ ಅಷ್ಟು ತಗ್ಗಿನ ಸ್ವರ ಹೊರಡುವುದರಿಂದ, ಇಂಜಿನ್ನಿನೊಳಗೆ ಸಿಕ್ಕುವ ಪ್ರತಿ ಮಿಲಿಮೀಟರನ್ನೂ ಅದಕ್ಕೇ ಕೊಡಿರಿ. ಮೂಲೆಗಳ ಒಳಗಡೆಗೂ ತಂತಿ ಹೊರಬರುವ ತೂತಿಗೂ ಫೆವಿಕಾಲ್ ತೆಳ್ಳಗೆ ಸವರಿ ಇಡೀ ರಾತ್ರಿ ಒಣಗಲು ಬಿಡಿರಿ; ಮಳೆಗಾಲದಲ್ಲಾದರೆ ಎರಡು ರಾತ್ರಿ. ನೀರಿನಂತೆ ಹರಿಯುವ ಅಂಟನ್ನು ಮಾತ್ರ ಸ್ಪೀಕರಿನ ಬಳಿ ತರಬೇಡಿ, ಅದು ಜಾರಿ ಪೊರೆಗೆ ತಾಗಿದರೆ ಸ್ಪೀಕರ್ ಹೋಯಿತೆಂದೇ ಲೆಕ್ಕ. ಡೀಸೆಲ್ ಇಂಜಿನ್ನಿನಲ್ಲಿ ಸ್ಪೀಕರಿನ ಮುಖವನ್ನು ಇಂಧನದ ಟ್ಯಾಂಕಿನೊಳಗೆ ಹಳಿಯ ಕಡೆಗೆ ತಿರುಗಿಸಬಹುದು, ಅಥವಾ ಚಾವಣಿಯ ಜಾಲರಿಯತ್ತ ಮೇಲಕ್ಕೆ ಮಾಡಬಹುದು. ಎರಡರಲ್ಲಿ ನನ್ನ ಒಲವು ಮೇಲ್ಮುಖದ ಕಡೆಗೆ, ಏಕೆಂದರೆ ನಿಜದ ಡೀಸೆಲ್ಲಿನ ಉಸಿರು ಹೊರಡುವುದೂ ಚಾವಣಿಯಿಂದಲೇ.

ಪ್ರಶ್ನೆ: ಇಂಜಿನ್ನಿನಲ್ಲಿ ಎರಡು ಸ್ಪೀಕರಿಗೆ ಜಾಗವಿದೆ. ಎರಡೂ 8 ಓಮಿನವು. ಹೇಗೆ ಜೋಡಿಸಬೇಕು?
— ಕಾಲೇಜು ಉಪನ್ಯಾಸಕರು, ಶಿರಸಿ

ಉತ್ತರ: ಒಂದರ ಹಿಂದೆ ಒಂದು ಜೋಡಿಸಿದರೆ 16 ಓಮ್, ಪಕ್ಕಪಕ್ಕ ಜೋಡಿಸಿದರೆ 4 ಓಮ್ ಆಗುತ್ತದೆ. ನಿಮ್ಮ ಡಿಕೋಡರಿನ ಕೈಪಿಡಿಯಲ್ಲಿ 4 ಓಮಿಗೆ ಒಪ್ಪಿಗೆ ಇದೆಯೆಂದು ಬರೆದಿದ್ದರೆ ಮಾತ್ರ ಪಕ್ಕಪಕ್ಕ ಜೋಡಿಸಿರಿ. ಲೋಕ್‌ಸೌಂಡ್ 5 ಡಿಕೋಡರ್ 4ರಿಂದ 32 ಓಮಿನವರೆಗೆ ತಾಳುತ್ತದೆ. ಅದೇ ಮನೆತನದ ಹಳೆಯ ಲೋಕ್‌ಸೌಂಡ್ 3.5 ಡಿಕೋಡರಿಗೆ 100 ಓಮಿನ ಸ್ಪೀಕರೇ ಬೇಕಿತ್ತು. ಹಳೆಯ ಡಿಕೋಡರ್ ಕೈಗೆ ಬಂದವರು ಇಂದಿನ 8 ಓಮಿನ ಸ್ಪೀಕರನ್ನು ಅದಕ್ಕೆ ಬೆಸೆದರೆ ಅದರ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ಎರಡು ಸ್ಪೀಕರಿನ ಪ್ಲಸ್ ಮೈನಸ್ ಗುರುತುಗಳು ಹೊಂದಿರಬೇಕು. ಒಂದು ಅದಲುಬದಲಾದರೆ ಒಂದರ ಪೊರೆ ಹೊರಬರುವಾಗ ಇನ್ನೊಂದರದು ಒಳಸರಿದು, ಎರಡು ಇದ್ದೂ ಒಂದಕ್ಕಿಂತ ಕಡಿಮೆ ಕೇಳುತ್ತದೆ. ಗುರುತು ಇಲ್ಲದಿದ್ದರೆ ಒಂದರ ತಂತಿಯನ್ನು ತಿರುಗಿಸಿ ನೋಡಿ. ತಗ್ಗಿನ ಸ್ವರ ಯಾವಾಗ ಹೆಚ್ಚು ಕೇಳುತ್ತದೋ ಅದೇ ಸರಿ.

ಇನ್ನೊಂದು ವಿಷಯ. ಡಿಕೋಡರಿನ ಸ್ಪೀಕರ್ ತಂತಿ ಇಂಜಿನ್ನಿನ ಲೋಹದ ಚೌಕಟ್ಟಿಗಾಗಲಿ ಬೇರೆ ಯಾವ ತಂತಿಗಾಗಲಿ ತಾಗಕೂಡದು. ನನ್ನ ಮೊದಲ ಸೌಂಡ್ ಡಿಕೋಡರ್ ಸತ್ತದ್ದು ಹಾಗೆ. ಬೆಸೆದ ಜಾಗಕ್ಕೆ ಕರೆಂಟು ತಡೆಯುವ ಪ್ಲಾಸ್ಟಿಕ್ ಕೊಳವೆ ಹಾಕುವುದನ್ನು ಬಿಟ್ಟು, ಮೊದಲು ದನಿ ಕೇಳಿಬಿಡೋಣ ಎಂಬ ಆತುರದಲ್ಲಿ ಹಳಿಯ ಮೇಲಿಟ್ಟೆ. ಇಂಜಿನ್ ಒಂದು ಗೇಣು ಸರಿಯುವಷ್ಟರಲ್ಲಿ ತಂತಿ ಚೌಕಟ್ಟಿಗೆ ತಾಗಿತು. ಅಂದಿನಿಂದ ಬೆಸೆಯುವ ಮೊದಲೇ ತಂತಿಗೆ ಕೊಳವೆ ಪೋಣಿಸಿಕೊಳ್ಳುತ್ತೇನೆ.

ಪ್ರಶ್ನೆ: ಮಗಳಿಗೆ ಹುಟ್ಟುಹಬ್ಬಕ್ಕೆ ತಂದ ರೈಲು ಸೆಟ್ಟಿನಲ್ಲಿ ತಿರುಗಿಸುವ ಸಾದಾ ಕಂಟ್ರೋಲರ್ ಇದೆ. ಅದರಲ್ಲಿ ದನಿ ಬರಿಸಬಹುದೇ, ಎಲ್ಲವನ್ನೂ ಬದಲಿಸಬೇಕೇ?
— ಗೃಹಿಣಿ, ಕುಮಟಾ

ಉತ್ತರ: ಸಾದಾ ಕಂಟ್ರೋಲರ್ ಹಳಿಗೆ ಕೊಡುವುದು ಡಿ.ಸಿ. ಕರೆಂಟು. ಅದರ ಹಿಡಿ ತಿರುಗಿಸಿದಷ್ಟೂ ವೋಲ್ಟ್ ಏರಿ ರೈಲು ಓಡುತ್ತದೆ, ತಿರುಗಿಸದಿದ್ದರೆ ಹಳಿಯಲ್ಲಿ ಏನೂ ಇರುವುದಿಲ್ಲ. ಅಂದರೆ ನಿಂತ ಇಂಜಿನ್ನಿಗೆ ದನಿ ಮಾಡಲು ಶಕ್ತಿಯೇ ಇರುವುದಿಲ್ಲ. ಡಿಸಿಸಿ ಎಂಬ ಡಿಜಿಟಲ್ ಪದ್ಧತಿಯಲ್ಲಾದರೆ ಹಳಿಯಲ್ಲಿ ಸದಾ 14-15 ವೋಲ್ಟಿನಷ್ಟು ಕರೆಂಟು ಇರುತ್ತದೆ, ಅದರ ಮೇಲೆಯೇ ಆಜ್ಞೆಗಳೂ ಹರಿಯುತ್ತವೆ. ಜರ್ಮನಿಯ ಲೆಂಟ್ಸ್ ರೂಪಿಸಿದ ಪದ್ಧತಿಯನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘವು 1990ರ ದಶಕದಲ್ಲಿ ಇದಕ್ಕೆ ಸಾಮಾನ್ಯ ನಿಯಮ ಮಾಡಿತು. ಇಂಜಿನ್ನಿನೊಳಗಿನ ಡಿಕೋಡರ್ ತನ್ನ ಸಂಖ್ಯೆಗೆ ಬಂದ ಆಜ್ಞೆಯನ್ನಷ್ಟೇ ಪಾಲಿಸಿ ಮೋಟರು, ದೀಪ, ದನಿ ಮೂರನ್ನೂ ನಡೆಸುತ್ತದೆ. ಕೆಲವು ಸೌಂಡ್ ಡಿಕೋಡರುಗಳು ಸಾದಾ ಡಿ.ಸಿ.ಯಲ್ಲೂ ಗುಡುಗುತ್ತವೆಯಾದರೂ, ಕೆಲವು ವೋಲ್ಟ್ ಏರಿದ ಮೇಲೆಯೇ ಎಚ್ಚರಗೊಳ್ಳುತ್ತವೆ. ಬೇಕೆಂದಾಗ ಹಾರ್ನ್ ಹಾಕುವ ಸೌಲಭ್ಯವೂ ಸಾದಾ ಕಂಟ್ರೋಲರಿನಲ್ಲಿ ಇಲ್ಲ. ಮಕ್ಕಳಿಗೆ ಬೇಕಾದದ್ದು ಅದೇ ಹಾರ್ನ್.

ಆದ್ದರಿಂದ ಈಗಲೇ ಎಲ್ಲವನ್ನೂ ಬದಲಿಸಬೇಡಿ. ಡಿಎಫ್‌ಪ್ಲೇಯರ್ ಮಿನಿ ಎಂಬ, ಅಂಚೆಚೀಟಿಯಷ್ಟೇ ದೊಡ್ಡ ಒಂದು ಹಲಗೆ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವ ಕಡೆ ಸಿಕ್ಕುತ್ತದೆ. ಅದರಲ್ಲಿ ಮೆಮರಿ ಕಾರ್ಡಿಗೆ ಜಾಗವೂ ಸಣ್ಣ ಸ್ಪೀಕರಿಗೆ ಸಾಕಾಗುವ ಆಂಪ್ಲಿಫೈಯರೂ ಇವೆ. 5 ವೋಲ್ಟಿನ ಮೊಬೈಲ್ ಚಾರ್ಜರಿನಿಂದ ನಡೆಯುತ್ತದೆ. ಅದಕ್ಕೆ ಒತ್ತುವ ಗುಂಡಿಗಳನ್ನು ನೇರವಾಗಿ ಜೋಡಿಸಿ, ಒಂದು ಗುಂಡಿಗೆ ಹಾರ್ನ್, ಇನ್ನೊಂದಕ್ಕೆ ನಿಲ್ದಾಣದ ಘೋಷಣೆ ಎಂದು ಇಡಬಹುದು. ಸ್ಪೀಕರನ್ನು ಇಂಜಿನ್ನಿನೊಳಗೆ ಇಡದೆ ರೈಲು ಹಾಕಿರುವ ಹಲಗೆಯ ಕೆಳಗೆ ಮರದ ಪೆಟ್ಟಿಗೆಯಲ್ಲಿ ಕೂರಿಸಿದರೆ, ಅಂಗೈಯಗಲದ ಸ್ಪೀಕರ್ ಹಿಡಿಯುತ್ತದೆ. ಆಗ ಸಿಕ್ಕುವ ಗುಡುಗು ಇಂಜಿನ್ನಿನೊಳಗಿನ ಯಾವ ಸ್ಪೀಕರಿಗೂ ಸಾಧ್ಯವಿಲ್ಲದ್ದು. ದನಿ ರೈಲಿನ ಜೊತೆಗೆ ಓಡುವುದಿಲ್ಲ ಎಂಬ ಕೊರತೆ ಇದೆ, ನಿಜ. ಆದರೆ ಮಗಳ ಆಸಕ್ತಿ ಎರಡು ಮಳೆಗಾಲ ಉಳಿದು ಬಂದರೆ ಆಗ ಡಿಸಿಸಿಗೆ ಹೋಗಿರಿ. ಅಂದಹಾಗೆ, ಆಟದ ರೈಲಿಗೆ ಸಿಳ್ಳೆ ಬಂದು ಬಹಳ ಕಾಲವಾಯಿತು. ಅಮೆರಿಕದ ಲಯೊನೆಲ್ ಕಂಪನಿ 1935ರಲ್ಲೇ, ದೂರದಿಂದ ಗುಂಡಿ ಒತ್ತಿದರೆ ಊದುವ ಗಾಳಿಸಿಳ್ಳೆಯನ್ನು ಇಂಜಿನ್ನಿನ ಹಿಂದಿನ ಟೆಂಡರಿನಲ್ಲಿ (ಕಲ್ಲಿದ್ದಲಿನ ಗಾಡಿ) ಅಡಗಿಸಿ ಮಾರುತ್ತಿತ್ತು.

ಪ್ರಶ್ನೆ: ಜೂನ್ ಬಂತೆಂದರೆ ನನ್ನ ಇಂಜಿನ್ ಹಳಿ ಕವಲೊಡೆಯುವ ಪ್ರತಿ ಪಾಯಿಂಟಿನ ಮೇಲೂ ಒಂದು ಕ್ಷಣ ಮೂಕವಾಗಿ, ಮತ್ತೆ ಮೊದಲಿನಿಂದ ಸ್ಟಾರ್ಟ್ ಆಗುವ ದನಿ ಮಾಡುತ್ತದೆ. ಬೇಸಿಗೆಯಲ್ಲಿ ಈ ತೊಂದರೆ ಇಲ್ಲ.
— ಔಷಧ ಅಂಗಡಿಯವರು, ಹೊನ್ನಾವರ

ಉತ್ತರ: ಕರಾವಳಿಯ ಪ್ರತಿಯೊಬ್ಬ ಹವ್ಯಾಸಿಯ ಸಂಕಟ ಇದು. ಗಾಲಿಗೂ ಹಳಿಗೂ ನಡುವಿನ ಸಂಪರ್ಕ ಕಣ್ಣಿಗೆ ಕಾಣದಷ್ಟು ಹೊತ್ತು ತಪ್ಪಿದರೂ ಮೋಟರು ತನ್ನ ಓಟದ ಬಲದಲ್ಲಿ ದಾಟಿಬಿಡುತ್ತದೆ. ಡಿಕೋಡರಿನ ಒಳಗಿನ ಪುಟ್ಟ ಗಣಕ ಮಾತ್ರ ಆರಿ, ಮತ್ತೆ ಹೊತ್ತಿಕೊಂಡು, ತನ್ನ ಪಾಠವನ್ನು ಮೊದಲಿನಿಂದ ಒಪ್ಪಿಸುತ್ತದೆ. ದನಿ ಇಲ್ಲದ ಕಾಲದಲ್ಲಿ ಗಮನಕ್ಕೇ ಬಾರದಿದ್ದ ಕೊಳೆ ಈಗ ಕಿವಿಗೆ ಬೀಳುತ್ತಿದೆ, ಅಷ್ಟೇ ವ್ಯತ್ಯಾಸ.

ಮೊದಲು ಹಳಿ ಯಾವ ಲೋಹದ್ದೆಂದು ನೋಡಿರಿ. ಹಳದಿ ಬಣ್ಣದ ಹಿತ್ತಾಳೆ ಹಳಿಯಾದರೆ ಉಪ್ಪುಗಾಳಿಗೆ ಬೇಗ ಕಿಲುಬು ಹಿಡಿಯುತ್ತದೆ, ಆ ಪದರ ಕರೆಂಟನ್ನು ತಡೆಯುತ್ತದೆ. ನಿಕಲ್ ಸಿಲ್ವರ್ ಹಳಿಯಲ್ಲಿ ಹೆಸರಿಗೆ ಮಾತ್ರ ಬೆಳ್ಳಿ. ಅದು ತಾಮ್ರ, ನಿಕಲ್, ಸತುವಿನ ಬೆರಕೆ, ನಮ್ಮ ಹವೆಗೆ ಹಿತ್ತಾಳೆಗಿಂತ ಎಷ್ಟೋ ಮೇಲು. ತಾವು ಔಷಧ ಅಂಗಡಿಯವರಾದ್ದರಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ಎಂದರೆ ಬಿಡಿಸಿ ಹೇಳಬೇಕಿಲ್ಲ. ನೀರು ಕಡಿಮೆ ಇರುವ ಬಗೆಯದನ್ನು ಹತ್ತಿಬಟ್ಟೆಗೆ ಹಾಕಿ, ಬೆರಳಿಗೆ ಸುತ್ತಿ, ಹಳಿಯ ಒಳಮೂಲೆಯನ್ನು ಉಜ್ಜಿರಿ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಎಳೆದಂತೆ ಎರಡು ಕಪ್ಪು ಗೆರೆ ಮೂಡುತ್ತವೆ. ಹೊಸ ಬಟ್ಟೆಯಲ್ಲಿ ಆ ಗೆರೆ ಮೂಡದವರೆಗೆ ಮುಂದುವರಿಸಿರಿ. ಗಾಲಿಗಳಿಗೂ ಇದೇ ಉಪಚಾರ ಆಗಬೇಕು. ಹಳಿಯನ್ನಷ್ಟೇ ಒರೆಸಿ ಗಾಲಿಯನ್ನು ಬಿಟ್ಟರೆ ಒಂದು ಸುತ್ತಿನಲ್ಲಿ ಕೊಳೆ ತಿರುಗಿ ಹಳಿಗೆ ಬರುತ್ತದೆ. ಪಾತ್ರೆ ಉಜ್ಜುವ ಉಕ್ಕಿನ ನಾರನ್ನು ಮಾತ್ರ ಈ ಕೆಲಸಕ್ಕೆ ಖಂಡಿತ ಬಳಸಬೇಡಿ. ಅದರ ಎಳೆಗಳು ಮುರಿದು ಹಳಿಯ ಬಳಿ ಬಿದ್ದು, ಕೆಳಮುಖವಾಗಿ ಕೂರಿಸಿದ ಸ್ಪೀಕರಿನ ಅಯಸ್ಕಾಂತಕ್ಕೆ ಹಾರಿ ಅಂಟಿಕೊಳ್ಳುತ್ತವೆ. ಅನಂತರ ಪೊರೆ ಕಂಪಿಸಿದಾಗಲೆಲ್ಲ ಕೆರೆಯುವ ಸದ್ದು ಬರುತ್ತದೆ. ಮೋಟರಿನ ಅಯಸ್ಕಾಂತಕ್ಕೂ ಅದೇ ಗತಿ.

ಇಷ್ಟಾದ ಮೇಲೆ ಕೆಪಾಸಿಟರ್ ಮಾತು. ಹಳಿಯ ಕರೆಂಟು ತಪ್ಪಿದಾಗ ಡಿಕೋಡರಿಗೆ ಗುಟುಕು ನೀರು ಕೊಟ್ಟಂತೆ ಶಕ್ತಿ ಕೊಡುವ ಭಾಗ ಅದು. ಡಿಸಿಸಿಯ ವೋಲ್ಟಿಗೆ 16 ವೋಲ್ಟಿನದು ಅಂಚಿನ ಮೇಲೆ ನಿಲ್ಲುತ್ತದೆ, 25 ವೋಲ್ಟಿನದನ್ನೇ ಕೊಳ್ಳಿರಿ. ಪ್ಲಸ್ ಮೈನಸ್ ತಪ್ಪಿದರೆ ಸಿಡಿಯುತ್ತದೆ. ಅದು ತುಂಬಿಕೊಳ್ಳುವಾಗ ಒಮ್ಮೆಲೇ ಹೆಚ್ಚು ಕರೆಂಟು ಎಳೆಯುವುದರಿಂದ, ತಡೆಗೆ ಬೇಕಾದ ರೆಸಿಸ್ಟರು ಮತ್ತು ಡಯೋಡನ್ನು ಸೇರಿಸಬೇಕು. ಡಿಕೋಡರ್ ತಯಾರಿಸಿದವರೇ ಮಾರುವ ಸಿದ್ಧ ಭಾಗದಲ್ಲಿ ಅವು ಒಳಗೇ ಇರುತ್ತವೆ. ಸಂದೇಹವಿದ್ದವರು ಸಿದ್ಧ ಭಾಗವನ್ನೇ ತರಲಿ. ಆದರೆ ಕೊಳಕು ಹಳಿಗೆ ಕೆಪಾಸಿಟರನ್ನು ಮದ್ದೆಂದು ತಿಳಿಯಬಾರದು, ಒರೆಸುವ ಕೆಲಸ ಮೊದಲು.

ಬೆಸೆಯುವಾಗ ಆಸಿಡ್ ಇರುವ ಫ್ಲಕ್ಸ್ ಹಚ್ಚಿದ್ದರೆ ನಮ್ಮ ತೇವದಲ್ಲಿ ಒಂದೇ ಮಳೆಗಾಲದಲ್ಲಿ ತಂತಿ ಹಸಿರಾಗಿ ತುಂಡಾಗುತ್ತದೆ. ರಾಳದ ಫ್ಲಕ್ಸನ್ನೇ ಬಳಸಿರಿ. ಓಡಿಸದ ದಿನಗಳಲ್ಲಿ ಇಂಜಿನ್ನನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಔಷಧದ ಬಾಟಲಿಯೊಳಗೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿರಿ. ಕಾಗದದ ಪೊರೆಯ ಸ್ಪೀಕರಾದರೆ ಇದು ಇನ್ನೂ ಅಗತ್ಯ. ಪ್ಲಾಸ್ಟಿಕ್ ಪೊರೆಯದು ತೇವಕ್ಕೆ ಅಷ್ಟು ಬಗ್ಗುವುದಿಲ್ಲ.

ಪ್ರಶ್ನೆ: ಡಬ್ಲ್ಯೂಡಿಪಿ-4ಡಿ ಎಂಬ ಡೀಸೆಲ್ ಇಂಜಿನ್ನಿನ ಮಾದರಿಯನ್ನು ಕೈಯಾರೆ ಮಾಡಿ ಮುಗಿಸಿದ್ದೇನೆ. ಸುಲಭವಾಗಿ ಸಿಕ್ಕ ಆಲ್ಕೋ ಕಂಪನಿಯ ಇಂಜಿನ್ನಿನ ದನಿಯನ್ನು ಡಿಕೋಡರಿಗೆ ಹಾಕಿದ್ದೇನೆ. ಡೀಸೆಲ್ ಎಂದರೆ ಡೀಸೆಲ್, ಯಾರಿಗೆ ತಿಳಿಯುತ್ತದೆ ಎಂದು ಗೆಳೆಯರ ವಾದ. ತಮ್ಮ ಅಭಿಪ್ರಾಯ?
— ಮರಗೆಲಸದವರು, ಅಂಕೋಲಾ

ಉತ್ತರ: ಹಳಿಯ ಬಳಿ ಮನೆ ಇರುವ ಯಾರಿಗಾದರೂ ತಿಳಿಯುತ್ತದೆ. ಕೊಂಕಣ ರೈಲ್ವೆ 1998ರ ಜನವರಿ 26ರಂದು ಪೂರ್ತಿಯಾಗಿ ತೆರೆದಂದಿನಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಅಸ್ನೋಟಿಯಿಂದ ಭಟ್ಕಳದವರೆಗಿನ ಜನ ಕೇಳಿದ್ದು ಡೀಸೆಲ್ಲನ್ನೇ. ಯಾವುದು ಯಾವುದೆಂದು ಹೆಸರು ಗೊತ್ತಿಲ್ಲದಿದ್ದರೂ ಕಿವಿಗೆ ಗೊತ್ತಿದೆ.

ಆಲ್ಕೋ ಮನೆತನದ ಇಂಜಿನ್ನುಗಳು, ಎಂದರೆ 1962ರಲ್ಲಿ ಅಮೆರಿಕದಿಂದ ಬಂದು 1964ರಿಂದ ವಾರಾಣಸಿಯಲ್ಲೇ ತಯಾರಾದ 2600 ಅಶ್ವಶಕ್ತಿಯ ಡಬ್ಲ್ಯೂಡಿಎಂ-2 ಮತ್ತು ಅದರ ಸಂತತಿಯವು, ನಾಲ್ಕು ಹೊಡೆತದ (ಫೋರ್ ಸ್ಟ್ರೋಕ್) 16 ಸಿಲಿಂಡರಿನವು. ಅವುಗಳ ಒಂದು ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ತಮ್ಮ 4ಡಿ ಸೇರಿದ ಡಬ್ಲ್ಯೂಡಿಪಿ-4 ಮತ್ತು ಡಬ್ಲ್ಯೂಡಿಜಿ-4 ಇಂಜಿನ್ನುಗಳಲ್ಲಿ ಇರುವುದು ಅಮೆರಿಕದ ಇಎಂಡಿ ಕಂಪನಿಯ 710 ಬಗೆಯ, ಎರಡು ಹೊಡೆತದ 16 ಸಿಲಿಂಡರ್. ಅದು ಪ್ರತಿ ಸುತ್ತಿಗೂ ಉರಿಯುತ್ತದೆ. ಲೆಕ್ಕ ಹಾಕಿ ನೋಡೋಣ. ನಿಂತಲ್ಲಿ ನಿಮಿಷಕ್ಕೆ 400 ಸುತ್ತು ತಿರುಗುವ ಆಲ್ಕೋ ಸೆಕೆಂಡಿಗೆ 53 ಸಲ ಹೊಡೆಯುತ್ತದೆ, ಪೂರ್ಣ ವೇಗದ 1000 ಸುತ್ತಿನಲ್ಲಿ 133 ಸಲ. ಇಎಂಡಿ ಪೂರ್ಣ ವೇಗದ 900 ಸುತ್ತಿನ ಆಸುಪಾಸಿನಲ್ಲಿ ಸೆಕೆಂಡಿಗೆ 240 ಸಲ ಹೊಡೆಯುತ್ತದೆ. ಆದ್ದರಿಂದಲೇ ಆಲ್ಕೋ ದಗ ದಗ ಎಂದು ಎಣಿಸಬಹುದೆನ್ನುವ ಹಾಗೆ ನಡೆದರೆ, ಇಎಂಡಿ ಒಂದೇ ಸಮನೆ ಮೊರೆಯುತ್ತದೆ. ಆ ಮೊರೆತದ ಮೇಲೆ ಟರ್ಬೊದ ಸಣ್ಣ ಸಿಳ್ಳೆ ತೇಲುತ್ತದೆ. ಆಲ್ಕೋದಲ್ಲಿ ಟರ್ಬೊ ತಡವಾಗಿ ಏಳುವುದರಿಂದ ಡ್ರೈವರ್ ನಾಚ್, ಎಂದರೆ ಶಕ್ತಿಯ ಮೆಟ್ಟಿಲು, ಏರಿಸಿದ ಮೇಲೆ ಮೊದಲು ಕಪ್ಪು ಹೊಗೆ ಬಂದು, ಆಮೇಲೆ ನಿಧಾನವಾಗಿ ದನಿ ಏರುತ್ತದೆ. ಮರವನ್ನು ಬಡಿದು ನೋಡಿ ಹಲಸೋ ಸಾಗುವಾನಿಯೋ ಹೇಳುವ ತಮ್ಮಂಥವರಿಗೆ ಈ ಭೇದ ಒಂದೇ ವಾರದಲ್ಲಿ ಸಹಿಸಲಾರದಷ್ಟು ಕೇಳತೊಡಗುತ್ತದೆ. ಕೈಯಾರೆ ಮಾಡಿದ ಮಾದರಿಗೆ ಬೇರೆ ಇಂಜಿನ್ನಿನ ದನಿ ಹಾಕಬೇಡಿರೆಂದು ನಾನು ಒತ್ತಾಯದಿಂದಲೇ ಹೇಳುತ್ತೇನೆ. ಅಮೆರಿಕದ ಇಎಂಡಿ 710 ಇಂಜಿನ್ನಿನ ಧ್ವನಿಕಡತವನ್ನು ಹಾಕಿ, ಹಾರ್ನನ್ನು ಮಾತ್ರ ನಮ್ಮದಕ್ಕೆ ಹತ್ತಿರವಾದದ್ದನ್ನು ಆಯ್ದುಕೊಂಡರೆ ಸತ್ಯಕ್ಕೆ ತುಂಬ ಹತ್ತಿರ ಬರುತ್ತದೆ. ಅಮೆರಿಕದ ಕಡತದಲ್ಲಿರುವ ಗಂಟೆಯ ಸದ್ದನ್ನು ಮುಚ್ಚಿಬಿಡಿ, ನಮ್ಮ ಇಂಜಿನ್ನಿಗೆ ಗಂಟೆ ಇಲ್ಲ.

53ರಷ್ಟು ತಗ್ಗಿನ ಕಂಪನವನ್ನು ಸಕ್ಕರೆ ತುಂಡಿನಷ್ಟು ಸ್ಪೀಕರ್ ಹೊರಡಿಸಲಾರದು ಎಂಬ ಅನುಮಾನ ಕೆಲವರಿಗೆ ಬರಬಹುದು. ಹೌದು, ಹೊರಡಿಸಲಾರದು. ಆದರೆ ಆ ಸ್ವರದ ಎರಡು, ಮೂರು, ನಾಲ್ಕು ಪಟ್ಟಿನ ಸ್ವರಗಳು ಸರಿಯಾಗಿ ಕೇಳಿದರೆ, ಇಲ್ಲದ ತಳದ ಸ್ವರವನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ. ಗೂಡಿನ ಕೆಲಸ ಆ ಪಟ್ಟುಗಳನ್ನು ಉಳಿಸುವುದು.

ಪ್ರಶ್ನೆ: ವಿದ್ಯುತ್ ಇಂಜಿನ್ನಿಗೆ ಸ್ಪೀಕರ್ ಹಾಕುವುದು ವ್ಯರ್ಥವಲ್ಲವೇ?
— ಓದುಗರು, ಗೋಕರ್ಣ

ಉತ್ತರ: ವ್ಯರ್ಥವಲ್ಲ. ಪ್ಯಾಂಟೋಗ್ರಾಫ್ ಏರಿ ತಂತಿಗೆ ತಾಗುವುದು, ಬ್ರೇಕರ್ ಕೂರುವ ಢಬ್ ಎಂಬ ಸದ್ದು, ಕಂಪ್ರೆಸರು, ಬ್ಲೋವರಿನ ಗಾಳಿ, ಹೊರಡುವಾಗ ಕನ್ವರ್ಟರು ಮೆಟ್ಟಿಲು ಮೆಟ್ಟಿಲಾಗಿ ಹಾಡುವ ಸ್ವರ ಎಲ್ಲವೂ ಕೇಳಬೇಕಾದವೇ. ಇವುಗಳಲ್ಲಿ ಹೆಚ್ಚಿನವು ಮೇಲಿನ ಸ್ವರಗಳಾದ್ದರಿಂದ ಸಣ್ಣ ಸ್ಪೀಕರೇ ಸಾಕು.

ಪ್ರಶ್ನೆ: ಬಾಲ್ಯದಲ್ಲಿ ತಾಳಗುಪ್ಪದಲ್ಲಿ ಕಂಡ ಮೀಟರ್ ಗೇಜಿನ ಉಗಿಬಂಡಿಯ ನೆನಪಿಗೆ ಒಂದು ಮಾದರಿ ಕೊಂಡೆ. ದನಿ ಚೆನ್ನಾಗಿದೆ, ಆದರೆ ಚಕ್ರಕ್ಕೂ ಉಗಿಯ ಉಸಿರಿಗೂ ತಾಳವೇ ಕೂಡುತ್ತಿಲ್ಲ.
— ಅಡಿಕೆ ಬೆಳೆಗಾರರು, ಸಿದ್ದಾಪುರ

ಉತ್ತರ: ಎರಡು ಸಿಲಿಂಡರಿನ ಉಗಿಬಂಡಿ ದೊಡ್ಡ ಚಕ್ರದ ಒಂದು ಸುತ್ತಿಗೆ ನಾಲ್ಕು ಸಲ ಉಸಿರು ಬಿಡುತ್ತದೆ, ಏಕೆಂದರೆ ಪ್ರತಿ ಸಿಲಿಂಡರಿನಲ್ಲೂ ಉಗಿ ಕೊಂತವನ್ನು (ಪಿಸ್ಟನ್ನನ್ನು) ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ತಳ್ಳುತ್ತದೆ. ಚಕ್ರದ ವ್ಯಾಸ 1.4 ಮೀಟರಿನಷ್ಟಿದ್ದು ಬಂಡಿ ಗಂಟೆಗೆ 30 ಕಿ.ಮೀ. ಓಡುತ್ತಿದ್ದರೆ ಸೆಕೆಂಡಿಗೆ ಏಳೂವರೆ ಉಸಿರು. ಅಷ್ಟರ ಮೇಲೆ ತಾಳ ತಪ್ಪಿದ್ದು ಯಾರಿಗೂ ತಿಳಿಯುವುದಿಲ್ಲ. ತಪ್ಪು ಕೇಳುವುದು ಹೊರಡುವಾಗ ಮತ್ತು ನಿಲ್ಲುವಾಗ ಮಾತ್ರ, ಆದ್ದರಿಂದ ಹೊಂದಾಣಿಕೆಯನ್ನೂ ಆ ವೇಗದಲ್ಲೇ ಮಾಡಬೇಕು. ಚಕ್ರದ ಒಂದು ಕಡ್ಡಿಗೆ ಬಿಳಿ ಬಣ್ಣದ ಚುಕ್ಕೆ ಇಡಿರಿ. ಕಂಟ್ರೋಲರನ್ನು ಮೊದಲ ಮೆಟ್ಟಿಲಿನಲ್ಲಿಟ್ಟು, ಚುಕ್ಕೆ ಒಂದು ಸುತ್ತು ಬರುವಷ್ಟರಲ್ಲಿ ಎಷ್ಟು ಉಸಿರು ಕೇಳಿತೆಂದು ಎಣಿಸಿರಿ. ಬಂಡಿ ಎದುರಿಗಿಟ್ಟುಕೊಂಡು ಎಣಿಸುವ ಈ ಹೊತ್ತು, ಚಂಡೆಯವರು ಭಾಗವತರ ತಾಳವನ್ನು ಕಾಯುವ ಹಾಗೆ, ಸ್ವಲ್ಪ ತಾಳ್ಮೆ ಬೇಡುತ್ತದೆ. ನಾಲ್ಕಕ್ಕಿಂತ ಹೆಚ್ಚು ಅಥವಾ ಕಡಿಮೆ ಬಂದರೆ ಡಿಕೋಡರಿನ ಹೊಂದಾಣಿಕೆಯ ಅಂಕೆಗಳನ್ನು, ಎಂದರೆ ಸಿ.ವಿ.ಗಳನ್ನು, ಬದಲಿಸಬೇಕು, ಲೋಕ್‌ಸೌಂಡ್‌ನಲ್ಲಾದರೆ ಅವು 57 ಮತ್ತು 58ನೆಯವು. ಒಂದು ಸಲಕ್ಕೆ ಒಂದೆರಡು ಅಂಕೆ ಮಾತ್ರ ಬದಲಿಸಿ, ಮತ್ತೆ ಎಣಿಸಿರಿ. ಸ್ಪೀಕರಿಗೆ ಟೆಂಡರಿನಲ್ಲಿ ಜಾಗ ಹೆಚ್ಚು, ಕಲ್ಲಿದ್ದಲಿನ ರಾಶಿಯ ಕೆಳಗೆ ದೊಡ್ಡ ಗೂಡೇ ಹಿಡಿಯುತ್ತದೆ. ಆದರೆ ಉಸಿರು ಹೊರಡಬೇಕಾದದ್ದು ಮುಂದಿನ ಹೊಗೆಗೊಳವೆಯಿಂದ. ಬಾಯ್ಲರಿನ ಮುಂಭಾಗದಲ್ಲಿ ಒಂದು ಸಕ್ಕರೆ ತುಂಡು ಹಿಡಿಯುವುದಾದರೆ, ದನಿ ಸ್ವಲ್ಪ ತೆಳುವಾದರೂ ಸರಿಯೆಂದು ಅಲ್ಲೇ ಇಡಿರೆಂದು ಹೇಳುತ್ತೇನೆ.

ಪ್ರಶ್ನೆ: ಮನೆಯವರು ಹತ್ತು ನಿಮಿಷದಲ್ಲಿ ಬಾಗಿಲು ಹಾಕಿಕೊಳ್ಳುತ್ತಾರೆ. ದನಿ ಎಷ್ಟಿರಬೇಕು?
— ಬಟ್ಟೆ ವ್ಯಾಪಾರಿ, ಭಟ್ಕಳ

ಉತ್ತರ: ಎಚ್‌ಓ ಅಳತೆ ಎಂದರೆ ನಿಜದ 87ನೆಯ ಒಂದು ಭಾಗ. ಇಂಜಿನ್ನಿನಿಂದ ಒಂದು ಮೀಟರ್ ದೂರ ನಿಂತ ತಾವು ನಿಜದಲ್ಲಿ 87 ಮೀಟರ್ ದೂರ ನಿಂತಂತೆ. ಅಷ್ಟು ದೂರದ ಇಂಜಿನ್ ಮಾತನ್ನು ಮುಳುಗಿಸುವುದಿಲ್ಲ. ಕಾರ್ಖಾನೆಯಿಂದ ಬರುವಾಗ ಹೆಚ್ಚಿನ ಡಿಕೋಡರುಗಳ ದನಿ ತೀರ ಜೋರಾಗಿರುತ್ತದೆ. ಲೋಕ್‌ಸೌಂಡ್‌ನಲ್ಲಿ 63ನೆಯ ಸಿ.ವಿ., ಸುನಾಮಿ ಎಂಬ ಡಿಕೋಡರಿನಲ್ಲಿ 128ನೆಯದು ಒಟ್ಟು ದನಿಯನ್ನು ಹಿಡಿದಿಡುತ್ತವೆ. ಅದನ್ನು ಅರ್ಧಕ್ಕೆ ಇಳಿಸಿ ಒಂದು ವಾರ ಓಡಿಸಿರಿ, ಆಮೇಲೂ ಜೋರೆನಿಸಿದರೆ ಇನ್ನಷ್ಟು ಇಳಿಸಿರಿ. ರೈಲು ಕೋಣೆಯ ಆ ತುದಿಯಲ್ಲಿದ್ದಾಗ ಕಿವಿ ಕೊಟ್ಟರೆ ಮಾತ್ರ ಕೇಳಬೇಕು, ಹತ್ತಿರ ಬಂದಾಗ ತುಂಬಿಕೊಳ್ಳಬೇಕು. ಇಳಿಸಿದ ದನಿಯಲ್ಲಿ ಪೊರೆ ಒಡೆದ ಹಾಗೆ ಕರಕರ ಎನ್ನುವುದೂ ನಿಲ್ಲುತ್ತದೆ. ಹಾರ್ನನ್ನು ನಿಯಮದಂತೆ ಹಾಕುವ ಆಸೆ ಇದ್ದರೂ ಕೋಣೆ ಸಾಲದು. ಲೆವೆಲ್ ಕ್ರಾಸಿಂಗಿಗೆ 600 ಮೀಟರ್ ಮೊದಲು ನೆಡುವ, ಹಾರ್ನ್ ಹಾಕೆಂದು ಹೇಳುವ ಡಬ್ಲ್ಯೂ/ಎಲ್ ಫಲಕ ಈ ಅಳತೆಯಲ್ಲಿ ಗೇಟಿನಿಂದ ಸುಮಾರು 7 ಮೀಟರ್ ದೂರ ಬೀಳುತ್ತದೆ.

ಪ್ರಶ್ನೆ: ಸರ್, ನಾನು ಒಂಬತ್ತನೆಯ ತರಗತಿ. ನಮ್ಮ ಮನೆ ಶಿರವಾಡದ ನಿಲ್ದಾಣದ ಹತ್ತಿರ ಇದೆ. ನಿಜವಾದ ಡೀಸೆಲ್ ಇಂಜಿನ್ನಿನ ದನಿಯನ್ನು ನಾನೇ ರೆಕಾರ್ಡ್ ಮಾಡಿ ನನ್ನ ಮಾದರಿಗೆ ಹಾಕಬಹುದೇ?
— ವಿದ್ಯಾರ್ಥಿನಿ, ಕಾರವಾರ

ಉತ್ತರ: ಖಂಡಿತ ಹಾಕಬಹುದು, ಮತ್ತು ತಡಮಾಡಬೇಡ. ಕೊಂಕಣ ರೈಲ್ವೆಯ ಪೂರ್ತಿ ಮಾರ್ಗ ವಿದ್ಯುದೀಕರಣಗೊಂಡು 2022ರ ಜೂನ್‌ನಲ್ಲಿ ಲೋಕಾರ್ಪಣೆಯಾಯಿತು. ಆಮೇಲೆ ಡೀಸೆಲ್ ಇಂಜಿನ್ ಬರುವುದು ಕಡಿಮೆಯಾಗುತ್ತಲೇ ಇದೆ. ಅದು ನಿಲ್ದಾಣದಲ್ಲಿ ನಿಂತದ್ದು ಕಂಡ ದಿನವೇ ಕೆಲಸ ಮಾಡಿಕೊಳ್ಳಬೇಕು.

ಹಿರಿಯರೊಬ್ಬರ ಜೊತೆಗೆ, ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡು, ಪ್ಲಾಟ್‌ಫಾರ್ಮಿನ ಮೇಲೆಯೇ ನಿಂತು ರೆಕಾರ್ಡ್ ಮಾಡು. ಹಳಿಯ ಹತ್ತಿರ ಇಳಿಯುವುದು 1989ರ ರೈಲ್ವೆ ಕಾಯಿದೆಯ 147ನೆಯ ಕಲಮಿನ ಪ್ರಕಾರ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಹೊಸ ವಿದ್ಯುತ್ ಇಂಜಿನ್ನುಗಳು ಹತ್ತಿರ ಬರುವವರೆಗೆ ಕೇಳುವುದೇ ಇಲ್ಲ. ನಿಂತ ಇಂಜಿನ್ನಿನ ದನಿಯನ್ನು ಎರಡು ನಿಮಿಷ ಮಾತಿಲ್ಲದೆ ಹಿಡಿ. ಹೊರಡುವಾಗ ನಾಚ್ ಏರುವ ದನಿಯನ್ನು ಇಂಜಿನ್ ದೂರ ಹೋಗುವವರೆಗೂ ಹಿಡಿ. ಒಂದರಿಂದ ಎಂಟರವರೆಗೆ ನಾಚ್ ಇರುತ್ತವೆ. ಒಂದೇ ದಿನ ಎಲ್ಲವೂ ಸಿಗುವುದಿಲ್ಲ, ತುಂಬು ಹೊರೆಯ ಗೂಡ್ಸ್ ರೈಲಿಗೆ ಕಾಯಬೇಕು. ಫೋನ್ ಬಳಸುವುದಾದರೆ ಎಂಪಿ3 ಬೇಡ, ವೇವ್ ಕಡತವಾಗಿ ಉಳಿಸುವ ಆಪ್ ಹಾಕಿಕೊಂಡು, ದನಿಯ ಮಟ್ಟವನ್ನು ತಾನಾಗಿ ಏರಿಳಿಸುವ ಸೌಲಭ್ಯವನ್ನು ನಿಲ್ಲಿಸು. ಅದು ಹೊತ್ತಿಕೊಂಡಿದ್ದರೆ ಇಂಜಿನ್ ದೂರ ಹೋದಂತೆಲ್ಲ ಫೋನ್ ಸುತ್ತಲಿನ ಸದ್ದನ್ನು ಎತ್ತಿಹಿಡಿದು, ಕಾಗೆಯ ಕೂಗನ್ನು ಇಂಜಿನ್ನಿನಷ್ಟೇ ಜೋರು ಮಾಡಿಬಿಡುತ್ತದೆ. ಕಡಲಗಾಳಿ ಮೈಕಿಗೆ ಬಡಿಯದಂತೆ ಉಣ್ಣೆಯ ಬಟ್ಟೆಯನ್ನು ಒಂದು ಪದರ ಸುತ್ತು. ಕೊನೆಯಲ್ಲಿ ನಿನ್ನ ದನಿಯಲ್ಲೇ ತಾರೀಖು, ನಿಲ್ದಾಣ ಮತ್ತು ಇಂಜಿನ್ನಿನ ಮೈಮೇಲಿನ ಸಂಖ್ಯೆಯನ್ನು ಹೇಳಿ ಮುಗಿಸು, ಮುಂದೆ ಹುಡುಕಲು ಅನುಕೂಲ.

ಇನ್ನು ಕತ್ತರಿಸುವ ಕೆಲಸ. ಡಿಕೋಡರಿಗೆ ಸ್ವಂತ ದನಿ ಹಾಕಲು ಅದರ ಕಂಪನಿಯ ಪ್ರೋಗ್ರಾಮರ್ ಬೇಕಾಗುತ್ತದೆ. ಅದು ಸಿಗುವವರೆಗೆ ಮೇಲೆ ಕುಮಟಾದವರಿಗೆ ಹೇಳಿದ ಡಿಎಫ್‌ಪ್ಲೇಯರಿನಲ್ಲಿ ಅಭ್ಯಾಸ ಮಾಡು. ನಿಂತ ಇಂಜಿನ್ನಿನ ದನಿಯಿಂದ ನಾಲ್ಕೈದು ಸೆಕೆಂಡಿನ ತುಂಡು ತೆಗೆದು ಅದನ್ನೇ ಮತ್ತೆ ಮತ್ತೆ ನುಡಿಸಬೇಕು. ಸಿಕ್ಕಲ್ಲಿ ಕತ್ತರಿಸಿದರೆ ತುಂಡು ಮುಗಿದಾಗಲೆಲ್ಲ ಟಿಕ್ ಎಂದು ಕೇಳುತ್ತದೆ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಅಲೆಯನ್ನು ಕಣ್ಣಿಗೆ ಕಾಣುವಷ್ಟು ಹಿಗ್ಗಿಸಿಕೊಂಡು, ನಡುಗೆರೆಯನ್ನು ಅಲೆ ಕೆಳಗಿನಿಂದ ಮೇಲಕ್ಕೆ ದಾಟುವ ಜಾಗದಲ್ಲಿ ತುಂಡಿನ ಮೊದಲನ್ನು ಇಡು. ಕೊನೆಯೂ ಅದೇ ರೀತಿ ಕೆಳಗಿನಿಂದ ಮೇಲಕ್ಕೆ ದಾಟುವ ಜಾಗದಲ್ಲೇ ಇರಬೇಕು, ಎರಡೂ ಕಡೆಯ ಅಲೆಯ ಆಕಾರವೂ ಹೋಲಬೇಕು. ಕಣ್ಣು ಮುಚ್ಚಿ ಒಂದು ನಿಮಿಷ ಕೇಳು. ತುಂಡು ಎಲ್ಲಿ ಮುಗಿದು ಎಲ್ಲಿ ಶುರುವಾಯಿತೆಂದು ನಿನಗೇ ತಿಳಿಯದಿದ್ದರೆ, ಆ ಕಡತವನ್ನು ಉಳಿಸಿ ಮುಂದಿನ ನಾಚಿಗೆ ಹೋಗು.